ರೇಷ್ಮೆಗೂಡಿನ ಮೊಬೈಲ್: ಮಕ್ಕಳ ಕೈಯಲ್ಲಿ ಮಾಡಿಸುವುದು ಹೇಗೆ?

ಮೊಬೈಲ್ ಅಂದರೆ ಇಲ್ಲಿ ಫೋನಲ್ಲ, ಕಡ್ಡಿಗಳಿಂದ ದಾರದಲ್ಲಿ ಇಳಿಬಿಟ್ಟು ತೂಗುಹಾಕುವ, ಗಾಳಿಗೆ ತಿರುಗುವ ಶಿಲ್ಪ. ಶಿಡ್ಲಘಟ್ಟದ ಸುತ್ತಮುತ್ತ ಶಾಲೆಗಳ ವಸ್ತುಪ್ರದರ್ಶನಕ್ಕೆ ಹೋದಾಗಲೆಲ್ಲ ಇದರಲ್ಲಿ ಒಂದೇ ತಪ್ಪು ಕಾಣುತ್ತೇನೆ. ಮಕ್ಕಳು ಮೊದಲು ಮೇಲಿನ ಕಡ್ಡಿ ಕಟ್ಟುತ್ತಾರೆ, ಆಮೇಲೆ ಕೆಳಕ್ಕೆ ಒಂದೊಂದೇ ಇಳಿಬಿಡುತ್ತಾರೆ. ಒಂದು ಗೂಡು ಸೇರಿಸಿದರೂ ಮೇಲಿನದೆಲ್ಲ ವಾಲುತ್ತದೆ. ಸಾಕಾಗಿ ಗಂಟುಗಳಿಗೆಲ್ಲ ಗಮ್ ಸುರಿದುಬಿಡುತ್ತಾರೆ. ವಾಲುವುದೇನೋ ನಿಲ್ಲುತ್ತದೆ, ಜೊತೆಗೆ ತಿರುಗುವುದೂ ನಿಲ್ಲುತ್ತದೆ. ತಿರುಗದ ಮೇಲೆ ಅದು ಮೊಬೈಲ್ ಹೇಗಾಗುತ್ತದೆ?

ಈ ಕಲೆಯನ್ನು ಬೆಳೆಸಿದ ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಅವರ ಚಲಿಸುವ ಶಿಲ್ಪಗಳಿಗೆ 1931ರಲ್ಲಿ ‘ಮೊಬೈಲ್’ ಎಂದು ಹೆಸರಿಟ್ಟವರು ಕಲಾವಿದ ಮಾರ್ಸೆಲ್ ದುಶಾಂ. ಇದನ್ನು ಮಕ್ಕಳಿಗೆ ಮೊದಲೇ ಹೇಳಿ. ಲೆಕ್ಕದಲ್ಲಿ ಚುರುಕಾದವರೂ ಚಿತ್ರ ಬರೆಯುವವರೂ ಒಟ್ಟಿಗೆ ಕೂರುತ್ತಾರೆ.

ಬೇಕಾದ ಸಾಮಾನು ಊರಲ್ಲೇ ಇದೆ. ಹಳೇ ಚಂದ್ರಿಕೆಯ (ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಬಿದಿರು ಸೀಳು, ಹೊಲಿಗೆ ದಾರ, ಬ್ಲೇಡು, ಚಿಟ್ಟೆ ಹೊರಬಂದು ತೂತಾದ ಗೂಡು. ಮಿಶ್ರತಳಿ ಹುಳುವಿನ ಗೂಡು ಹಳದಿ, ದ್ವಿತಳಿ ಹುಳುವಿನದು ಬಿಳಿ, ಬಣ್ಣ ಬಳಿಯುವುದೇ ಬೇಡ. ಹುಳು ಇರುವ ಗೂಡು ಮಾತ್ರ ತರಬೇಡಿ. ದಿನ ಕಳೆದಂತೆ ಅದರ ತೂಕ ಇಳಿಯುತ್ತದೆ, ಚಿಟ್ಟೆ ಬಂದರೆ ಕಲೆಯೂ ಆಗುತ್ತದೆ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕಿಟ್ ಕೂಡ ಬೇಡ. ಅದರ ಕಡ್ಡಿಗೆ ಮೊದಲೇ ತೂತು ಹಾಕಿರುತ್ತಾರೆ. ತೂತು ಎಲ್ಲಿ ಬೀಳಬೇಕು ಅನ್ನುವುದೇ ಪಾಠ, ಅಲ್ವಾ?

ಮೊದಲು ತೀರಾ ಕೆಳಗಿನ ಕಡ್ಡಿ ಮಾಡಿಸಿ. 30 ಸೆಂಟಿಮೀಟರ್ ಸೀಳಿನ ಒಂದು ತುದಿಗೆ ಮೂರು ಗೂಡು, ಇನ್ನೊಂದಕ್ಕೆ ಒಂದು ಗೂಡು ಇಳಿಬಿಡಿ. ಕಡ್ಡಿಯನ್ನು ತೂಗುಹಾಕುವ ದಾರದ ಗಂಟು ಎಲ್ಲಿ ಬರಬೇಕು ಅಂತ ಈಗ ಮಕ್ಕಳು ಲೆಕ್ಕ ಹಾಕಲಿ. ತುದಿಯ ತೂಕವನ್ನು ಗಂಟಿನಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ಎರಡು ಕಡೆಯೂ ಸಮ ಬರಬೇಕು. ಆ ಲೆಕ್ಕದಲ್ಲಿ ಗಂಟು ಭಾರದ ತುದಿಯಿಂದ 7.5 ಸೆಂಟಿಮೀಟರಿಗೆ ಬರುತ್ತದೆ. ಅಲ್ಲಿ ಕಟ್ಟಿ ನೋಡಿದರೆ ಒಂದೇ ಗೂಡಿನ ಕಡೆ ಕೆಳಗೆ ಬೀಳುತ್ತದೆ! ತಕ್ಷಣ ಕಾರಣ ಹೇಳಬೇಡಿ, ಸ್ವಲ್ಪ ಹೊತ್ತು ಬಿಡಿ. ಕಡ್ಡಿಗೂ ತೂಕ ಇದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಗಂಟನ್ನು ಸ್ವಲ್ಪ ಸ್ವಲ್ಪವೇ ನಡುವಿನ ಕಡೆ ಸರಿಸುತ್ತಾ ಹೋಗಲಿ. ಹುಡುಗಿಯೊಬ್ಬಳು ಉಸಿರು ಬಿಗಿಹಿಡಿದು ಉಗುರಿನಿಂದ ಗಂಟು ತಳ್ಳುತ್ತಿದ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಅಕ್ಕಿಕಾಳಿನಷ್ಟು ಸರಿದರೂ ಸಾಕು, ಕಡ್ಡಿ ಆ ಕಡೆಯಿಂದ ಈ ಕಡೆಗೆ ಬರುತ್ತದೆ.

ಎಷ್ಟು ಸರಿಸಿದರೂ ಕಡ್ಡಿ ನಿಲ್ಲದಿದ್ದರೆ ಅದರ ಬಾಗು ನೋಡಿ. ಚಂದ್ರಿಕೆಯ ಸೀಳು ಬಿಲ್ಲಿನಂತೆ ಬಾಗಿರುತ್ತದೆ. ಉಬ್ಬಿದ ಬೆನ್ನು ಮೇಲಿರಬೇಕು, ತುದಿಗಳು ಕೆಳಗೆ ಇಳಿದಿರಬೇಕು. ಆಗ ಕಟ್ಟಿದ ಜಾಗ ಭಾರಕ್ಕಿಂತ ಎತ್ತರದಲ್ಲಿದ್ದು, ಕಡ್ಡಿ ವಾಲಿದರೂ ತಾನಾಗಿ ಹಿಂದಕ್ಕೆ ಬರುತ್ತದೆ. ತಲೆಕೆಳಗಾಗಿ ಕಟ್ಟಿದರೆ ಒಂದೇ ಕಡೆಗೆ ಪಲ್ಟಿ ಹೊಡೆಯುತ್ತದೆ. ಬಾಗು ತೀರಾ ಜಾಸ್ತಿಯೂ ಬೇಡ, ಕಡ್ಡಿ ಜಡವಾಗಿಬಿಡುತ್ತದೆ.

ಸಮ ಬಂದ ಜಾಗದಲ್ಲಿ ಬ್ಲೇಡಿನಿಂದ ಸಣ್ಣ ಗೀರು ಹಾಕಿ ದಾರ ಕೂರಿಸಿ. ಬ್ಲೇಡು ನಿಮ್ಮ ಕೈಯಲ್ಲೇ ಇರಲಿ.

ಮೇಲಿನ ಕಡ್ಡಿಗಳಿಗೂ ಇದೇ ಕ್ರಮ. ಕೆಳಗೆ ಸಿದ್ಧವಾದ ಇಡೀ ಕಡ್ಡಿಯನ್ನು ಒಂದೇ ಭಾರ ಅಂತ ಎಣಿಸಿ ಮೇಲಿನದರ ತುದಿಗೆ ಕಟ್ಟಿ, ಇನ್ನೊಂದು ತುದಿಗೆ ಗೂಡು. ಕೆಳಗಿನದು ಪೂರ್ತಿ ಒಂದು ಸುತ್ತು ಹೊಡೆಯುವಾಗ ಪಕ್ಕದ ದಾರಕ್ಕೆ ತಗುಲಬಾರದು, ಕೈಯಿಂದ ತಿರುಗಿಸಿ ನೋಡಿ. ಮೂರು ಕಡ್ಡಿ ಸಾಕು. ಆರು ಕಡ್ಡಿಯ ಆಸೆಗೆ ಬಿದ್ದ ಗುಂಪುಗಳು ಅರ್ಧಕ್ಕೇ ಬಿಟ್ಟದ್ದನ್ನು ನೋಡಿದ್ದೇನೆ.

ಫ್ಯಾನಿನ ಕೆಳಗೆ ತೂಗುಹಾಕಬೇಡಿ, ದಾರಗಳೆಲ್ಲ ಸಿಕ್ಕಾಗುತ್ತವೆ. ಕಿಟಕಿಯ ಹತ್ತಿರ ಒಳ್ಳೆಯದು. ಅಂಟು ಆ ದಿನವೇ ಹಾಕಬೇಡಿ. ಬಿದಿರೂ ಗೂಡೂ ಗಾಳಿಯ ತೇವ ಹೀರುತ್ತವೆ, ರಾತ್ರಿ ಮಳೆ ಬಂದರೆ ಬೆಳಿಗ್ಗೆ ಒಂದು ಕಡೆ ವಾಲಿರಬಹುದು. ಮಕ್ಕಳೇ ಮತ್ತೆ ಸರಿಮಾಡಲಿ. ಆಮೇಲೆ ಗೀರಿನಲ್ಲಿ ಕೂತ ದಾರಕ್ಕೆ ಮಾತ್ರ ಒಂದು ಹನಿ ಫೆವಿಕಾಲ್.