ಸ್ಟ್ಯಾಂಡ್ ಏರಿದ ಸೈಕಲ್: ಹ್ಯಾಂಡಲ್ ತಿರುಗದಂತೆ ಕಟ್ಟುವುದು ಹೇಗೆ?

ಗೇರ್ ಸೈಕಲ್ಲನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರು ಇವತ್ತಲ್ಲ ನಾಳೆ ಒಂದು ರಿಪೇರಿ ಸ್ಟ್ಯಾಂಡ್ ತಂದೇ ತರುತ್ತಾರೆ. ಸೀಟ್ ಪೋಸ್ಟನ್ನು ಕ್ಲ್ಯಾಂಪಿಗೆ ಕೊಟ್ಟು ಬಿಗಿ ಮಾಡಿದರೆ ಸೈಕಲ್ ಎದೆಮಟ್ಟಕ್ಕೆ ಬಂದು ನಿಲ್ಲುತ್ತದೆ. ಬಗ್ಗಬೇಕಿಲ್ಲ, ಪೆಡಲ್ ತಿರುಗಿಸುತ್ತಾ ಗೇರ್ ನೋಡಬಹುದು. ತೊಂದರೆ ಶುರುವಾಗುವುದು ಮುಂದಿನ ಚಕ್ರದಿಂದ. ಕೈ ಬಿಟ್ಟರೆ ಸಾಕು, ಅದು ಒಂದು ಪಕ್ಕಕ್ಕೆ ವಾಲುತ್ತದೆ. ಹ್ಯಾಂಡಲ್ ಸರ್ರನೆ ತಿರುಗಿ ಫ್ರೇಮಿಗೆ ಬಡಿಯುತ್ತದೆ, ಪೇಂಟ್ ಏಳುತ್ತದೆ.

ಹಳೇ ಡಬಲ್ ಸ್ಟ್ಯಾಂಡ್ ಸೈಕಲ್ ಓಡಿಸಿದವರಿಗೆ ಈ ಕಾಟ ಅಷ್ಟಾಗಿ ಗೊತ್ತಿಲ್ಲ. ಅಲ್ಲಿ ಮೇಲೇಳುವುದು ಹಿಂದಿನ ಚಕ್ರ ಮಾತ್ರ. ಮುಂದಿನ ಟೈರ್ ನೆಲವನ್ನು ಕಚ್ಚಿಕೊಂಡೇ ಇರುತ್ತದೆ.

ಪೇಂಟ್ ಹೋಗುವುದೊಂದೇ ನಷ್ಟವಲ್ಲ. ಹ್ಯಾಂಡಲ್ ತಿರುಗಿದಾಗ ಗೇರ್ ಕೇಬಲ್ಲಿನ ಹೊರಕವಚದ ಬಳುಕು ಬದಲಾಗುತ್ತದೆ. ಕೆಲವು ಸೈಕಲ್‌ಗಳಲ್ಲಿ ಕೇಬಲ್ಲಿನ ಬಿಗಿಯೂ ಅದರ ಜೊತೆಗೇ ಬದಲಾಗುತ್ತದೆ. ಅಂಥ ಸೈಕಲ್ಲಿಗೆ ಹ್ಯಾಂಡಲ್ ಸೊಟ್ಟಗಿರುವಾಗ ಗೇರ್ ಟ್ಯೂನ್ ಮಾಡಿದರೆ, ರಸ್ತೆಗಿಳಿದ ಮೇಲೆ ಮತ್ತೆ ಕಟಕಟ ಶುರು.

ಯಾಕೆ ತಿರುಗುತ್ತದೆ?

ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಕೂರುವ ಕೊಳವೆ ನೆಟ್ಟಗಿರುವುದಿಲ್ಲ, ಹಿಂದಕ್ಕೆ ಒರಗಿರುತ್ತದೆ. ರೋಡ್ ಬೈಕಿನಲ್ಲಿ ಅದು ನೆಲಕ್ಕೆ ಸುಮಾರು 72–73 ಡಿಗ್ರಿ ಕೋನದಲ್ಲಿರುತ್ತದೆ. ಈಗಿನ ಮೌಂಟನ್ ಬೈಕುಗಳಲ್ಲಿ ಇನ್ನೂ ಜಾಸ್ತಿ ಓರೆ, 65ರ ಆಸುಪಾಸು. ಚಕ್ರ, ಫೋರ್ಕ್, ಹ್ಯಾಂಡಲ್ ಎಲ್ಲದರ ಒಟ್ಟು ಭಾರ ಈ ಕೊಳವೆಯ ಗೆರೆಗಿಂತ ಸ್ವಲ್ಪ ಮುಂದಿರುತ್ತದೆ. ಚೌಕಟ್ಟು ಓರೆಯಾದ ಬಾಗಿಲು ನಿಲ್ಲಿಸಿದ ಕಡೆ ನಿಲ್ಲದೆ ತಾನಾಗಿ ತೆರೆದುಕೊಳ್ಳುತ್ತದಲ್ವಾ, ಇದೂ ಹಾಗೆಯೇ. ಭಾರ ಕೆಳಗಿಳಿಯುವ ದಾರಿ ಹುಡುಕುತ್ತದೆ, ಹ್ಯಾಂಡಲ್ ತಿರುಗುತ್ತದೆ.

ಕಾರಣ ಗೊತ್ತಾದರೆ ಹಗ್ಗವಿಲ್ಲದ ಒಂದು ಉಪಾಯವೂ ಸಿಗುತ್ತದೆ. ಕ್ಲ್ಯಾಂಪ್ ಸ್ವಲ್ಪ ಸಡಿಲಿಸಿ ಸೈಕಲ್ಲಿನ ಮೂತಿಯನ್ನು ಕೆಳಕ್ಕೆ ಬಾಗಿಸಿ. 20–25 ಡಿಗ್ರಿ ಬಾಗಿದರೆ ರೋಡ್ ಬೈಕಿನ ಆ ಕೊಳವೆ ನೆಟ್ಟಗಿನ ಗೆರೆಯನ್ನು ದಾಟಿ ಮುಂದಕ್ಕೆ ವಾಲುತ್ತದೆ. ಆಗ ಅದೇ ಭಾರ ಚಕ್ರವನ್ನು ನೇರಕ್ಕೆ ಎಳೆದು ತರುತ್ತದೆ. ಚೈನಿಗೆ ಎಣ್ಣೆ ಹಾಕುವಂಥ ಸಣ್ಣ ಕೆಲಸಕ್ಕೆ ಇಷ್ಟು ಸಾಕು. ನೀರಿನ ಬಾಟಲಿ ಮೊದಲೇ ತೆಗೆದಿಡಿ. ಮೌಂಟನ್ ಬೈಕಿಗೆ ಈ ಉಪಾಯ ನೆಚ್ಚಬೇಡಿ, ಅಷ್ಟು ಬಾಗಿಸಿದರೆ ಕೆಲಸ ಮಾಡುವುದೇ ಕಷ್ಟ. ಮೂತಿ ಮೇಲೆದ್ದರಂತೂ ಯಾವ ಸೈಕಲ್ ಆದರೂ ಕಾಟ ಹೆಚ್ಚು.

ಚಕ್ರ ಇದ್ದಾಗ

ಮುಂದಿನ ಚಕ್ರ ಬಿಚ್ಚದೆ ಮಾಡುವ ಕೆಲಸವಾದರೆ ಒಂದು ಪಟ್ಟಿ ಸಾಕು. ಪಂಕ್ಚರ್ ಅಂಗಡಿಯಲ್ಲಿ ಕೇಳಿ, ಹಳೇ ಟ್ಯೂಬ್ ಸಿಗುತ್ತದೆ. ರೋಡ್ ಬೈಕಿನ ಟ್ಯೂಬ್ ತೀರಾ ಸಪೂರ, 26 ಇಂಚಿನದು ಒಳ್ಳೆಯದು. ವಾಲ್ವ್ ಇರುವ ಭಾಗ ಕತ್ತರಿಸಿ ಎಸೆಯಿರಿ. ಉಳಿದದ್ದನ್ನು ಉದ್ದಕ್ಕೆ ಸೀಳಿ ಪಟ್ಟಿ ಮಾಡಿ, ಒಳಗಿನ ಬಿಳಿ ಪುಡಿ ತೊಳೆಯಿರಿ. ವೆಲ್ಕ್ರೋ ಪಟ್ಟಿಯೂ ಆಗುತ್ತದೆ, ಆದರೆ ರಬ್ಬರಿನ ಹಿಡಿತವೇ ಬೇರೆ.

ಮೊದಲು ಮುಂದಿನ ಬುಟ್ಟಿ, ಬ್ಯಾಗು, ಮೊಬೈಲ್ ಹೋಲ್ಡರ್ ತೆಗೆಯಿರಿ. ಚಕ್ರ ನೇರ ಮಾಡಿ. ಟೈರಿನ ಹಿಂಭಾಗ ಫ್ರೇಮಿನ ಕೆಳಗಿನ ಓರೆ ಕೊಳವೆಗೆ ಹತ್ತಿರ ಬರುವ ಜಾಗ ನೋಡಿಕೊಳ್ಳಿ. ಅಲ್ಲಿ ಪಟ್ಟಿಯನ್ನು ಕಡ್ಡಿಗಳ ನಡುವೆ ತೂರಿಸಿ, ರಿಮ್ಮು ಟೈರು ಎರಡನ್ನೂ ಬಳಸಿ, ಕೊಳವೆಯ ಸುತ್ತ ತಂದು ಎಳೆದು ಕಟ್ಟಿ. ಕೊಳವೆಗೆ ಮೊದಲೇ ಒಂದು ಬಟ್ಟೆ ಸುತ್ತಿರಿ. ಹಳೇ ರಬ್ಬರ್ ತಿಳಿ ಬಣ್ಣದ ಪೇಂಟ್ ಮೇಲೆ ಕಪ್ಪು ಗುರುತು ಬಿಡುತ್ತದೆ. ಕೊಳವೆಯ ಕೆಳಗೆ ಗೇರ್ ಕೇಬಲ್ ಹಾದುಹೋಗಿದ್ದರೆ ಅದು ಪಟ್ಟಿಯೊಳಗೆ ಸಿಕ್ಕಿಕೊಳ್ಳಬಾರದು.

ಇಲ್ಲಿ ಒಂದೇ ಪಟ್ಟಿ ಯಾಕೆ ಸಾಕು? ಟೈರಿಗೂ ಕೊಳವೆಗೂ ಅಂತರ ಅತಿ ಕಡಿಮೆ ಇರುವುದು ಚಕ್ರ ನೇರ ಇದ್ದಾಗ. ಎಡಕ್ಕೋ ಬಲಕ್ಕೋ ತಿರುಗಬೇಕಾದರೆ ರಬ್ಬರ್ ಇನ್ನೂ ಹಿಗ್ಗಬೇಕು. ಹಾಗಾಗಿ ಅದೇ ಎಳೆದು ನೇರಕ್ಕೆ ತರುತ್ತದೆ. ಮಡ್‌ಗಾರ್ಡ್ ಇರುವ ಸೈಕಲ್ಲಿಗೆ ಹೀಗೆ ಕಟ್ಟಬೇಡಿ, ಮಡ್‌ಗಾರ್ಡ್ ಸೊಟ್ಟಗಾಗುತ್ತದೆ.

ಬ್ರೇಕ್ ಲಿವರಿಗೆ ರಬ್ಬರ್ ಬ್ಯಾಂಡ್ ಹಾಕಿದರೆ ಆಯಿತಲ್ಲ ಎನ್ನುವವರಿದ್ದಾರೆ. ಅದರಿಂದ ಚಕ್ರ ಉರುಳುವುದು ನಿಲ್ಲುತ್ತದೆ, ಹ್ಯಾಂಡಲ್ ತಿರುಗುವುದು ನಿಲ್ಲುವುದಿಲ್ಲ.

ಚಕ್ರ ಬಿಚ್ಚಿದಾಗ

ಈಗ ಹ್ಯಾಂಡಲನ್ನೇ ಹಿಡಿಯಬೇಕು. ಒಂದು ಹಗ್ಗವನ್ನು ಹ್ಯಾಂಡಲ್ಲಿನ ಒಂದು ತುದಿಯಿಂದ ಸೀಟಿಗೆ ಕಟ್ಟಿದರೆ ಪ್ರಯೋಜನವಿಲ್ಲ. ಹಗ್ಗಕ್ಕೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಹ್ಯಾಂಡಲ್ ಆ ಕಡೆಗೇ ತಿರುಗಿ ಕೂರುತ್ತದೆ. ಎರಡೂ ತುದಿಗಳಿಂದ ಎರಡು ಪಟ್ಟಿ ತಂದು ಸೀಟಿನ ಅಡಿಯ ಕಂಬಿಗೆ ಸಮ ಬಿಗಿಯಲ್ಲಿ ಕಟ್ಟಿದರೆ ಮಾತ್ರ ನಿಲ್ಲುತ್ತದೆ. ನಮ್ಮೂರ ಸೈಕಲ್ ಶಾಪುಗಳಲ್ಲಿ ಜಂತಿಯಿಂದ ಇಳಿಬಿಟ್ಟ ಎರಡು ಹಗ್ಗಗಳಿಗೆ ಹ್ಯಾಂಡಲ್ಲಿನ ಎರಡೂ ಕೈಗಳನ್ನು ಸಿಕ್ಕಿಸುವುದೂ ಇದೇ ಲೆಕ್ಕ.

ಹಗ್ಗದ ಬದಲು ಕೋಲಾದರೆ ಒಂದೇ ಸಾಕು, ಅದು ಎಳೆಯುತ್ತದೆ, ತಳ್ಳುತ್ತದೆ. ಅಂಗಡಿಯಲ್ಲಿ ಹ್ಯಾಂಡಲ್‌ಬಾರ್ ಹೋಲ್ಡರ್ ಅಂತ ಸಿಗುವುದು ಇದೇ: ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಕಂಬಿ, ಎರಡು ತುದಿಗೂ ಪಟ್ಟಿ. ಅಮೆರಿಕದ ಪಾರ್ಕ್ ಟೂಲ್ ಕಂಪನಿಯದು ಹೆಸರುವಾಸಿ. ಅದಕ್ಕೆ ದುಡ್ಡು ಹಾಕುವ ಮೊದಲು ಒಂದು ಪಿವಿಸಿ ಪೈಪ್ ತುಂಡು ಹುಡುಕಿ ನೋಡಿ. ಸೀಟ್ ಪೋಸ್ಟಿನಿಂದ ಹ್ಯಾಂಡಲ್ಲಿಗೆ ಎಷ್ಟು ದೂರವೋ ಅಷ್ಟುದ್ದ ಕತ್ತರಿಸಿ. ಎರಡು ತುದಿಯಲ್ಲೂ ತೂತು ಕೊರೆದು ವೆಲ್ಕ್ರೋ ಪಟ್ಟಿ ತೂರಿಸಿ. ಹ್ಯಾಂಡಲ್ಲಿನ ನಟ್ಟನಡುವೆ ಕಟ್ಟಿದರೆ ಮಾತ್ರ ಸುಮ್ನೆ ದಂಡ. ಹ್ಯಾಂಡಲ್ ತಿರುಗಿದರೂ ನಡುಭಾಗಕ್ಕೂ ಸೀಟಿಗೂ ಇರುವ ದೂರ ಅಷ್ಟಾಗಿ ಬದಲಾಗುವುದಿಲ್ಲ, ಕೋಲು ಏನನ್ನೂ ತಡೆಯುವುದಿಲ್ಲ. ನಡುವಿನಿಂದ ಒಂದು ಗೇಣು ಪಕ್ಕಕ್ಕೆ ಕಟ್ಟಿ.

ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಪಟ್ಟಿ ಲಿವರನ್ನು ಒತ್ತದಂತೆ ನೋಡಿಕೊಳ್ಳಿ. ಚಕ್ರವಿಲ್ಲದಾಗ ಲಿವರ್ ಒತ್ತಿದರೆ ಪ್ಯಾಡುಗಳು ಒಂದಕ್ಕೊಂದು ಹತ್ತಿರ ಸರಿದುಬಿಡುತ್ತವೆ, ಆಮೇಲೆ ಡಿಸ್ಕ್ ಒಳಗೆ ಹೋಗುವುದಿಲ್ಲ. ನಡುವೆ ದಪ್ಪ ರಟ್ಟಿನ ತುಂಡು ಮಡಚಿ ಇಡಿ.

ಕಟ್ಟಬಾರದ ಕೆಲಸಗಳೂ ಇವೆ. ಹೆಡ್‌ಸೆಟ್ ಬೇರಿಂಗ್ (ಫೋರ್ಕ್ ಕೂರುವ ಕೊಳವೆಯಲ್ಲಿರುವುದು) ಸಲೀಸಾಗಿ ತಿರುಗುತ್ತದೆಯೇ ನೋಡಲು ಹ್ಯಾಂಡಲ್ ಬಿಡುವಾಗಿಯೇ ಇರಬೇಕು. ಬೇರಿಂಗ್‌ನಲ್ಲಿ ಅಲುಗಾಟ ಇದೆಯೇ ತಿಳಿಯಬೇಕಾದರೆ ಸೈಕಲ್ ಕೆಳಗಿಳಿಸಿ. ಮುಂದಿನ ಬ್ರೇಕ್ ಒತ್ತಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಚಕ್ರಕ್ಕೂ ಹ್ಯಾಂಡಲ್ಲಿಗೂ ನೇರ ಹೊಂದಿಸುವುದೂ ನೆಲದ ಮೇಲೆಯೇ, ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡು. ಇನ್ನು ಕಪ್ಪು ಫ್ರೇಮಿನ ಮೇಲೆ ಕಪ್ಪು ಟ್ಯೂಬ್ ಪಟ್ಟಿ ಕಣ್ಣಿಗೆ ಬೀಳುವುದಿಲ್ಲ. ಅದರ ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿಡಿ. ಪಟ್ಟಿ ಬಿಚ್ಚದೆ ಹತ್ತಿದರೆ ಗೇಟಿನ ಹತ್ತಿರದ ಮೊದಲ ತಿರುವಿನಲ್ಲೇ ಬೀಳುತ್ತೀರಿ.