ಚರಂಡಿಯಿಂದ ವಿಧಾನಸೌಧದವರೆಗೆ: ಊರಿನ ಬೇಡಿಕೆ ಯಾರ ಮುಂದೆ, ಯಾವಾಗ, ಹೇಗೆ ಇಡುವುದು?

ಕೆಲವು ವರ್ಷಗಳ ಹಿಂದಿನ ಮಾತು. ಮಳೆಗಾಲ ಬಂತೆಂದರೆ ನಮ್ಮ ಬೀದಿಯ ಚರಂಡಿ ಉಕ್ಕಿ ಮನೆ ಬಾಗಿಲಿಗೆ ಬರುತ್ತಿತ್ತು. ನಾವು ಏಳೆಂಟು ಜನ ಸೇರಿ ಸೀದಾ ಶಾಸಕರ ಮನೆಗೆ ಹೋದೆವು. ಕಾಫಿ ಕೊಟ್ಟರು. ಆಪ್ತ ಸಹಾಯಕರು ಡೈರಿಯಲ್ಲಿ ಬರೆದುಕೊಂಡು 'ಮಾಡ್ಸೋಣ ಬಿಡಿ' ಎಂದರು. ಖುಷಿಯಲ್ಲಿ ವಾಪಸ್ ಬಂದೆವು. ಮುಂದಿನ ಮಳೆಗಾಲದಲ್ಲಿ ಕೇಳಲು ಹೋದರೆ, ಹೊಸ ವರ್ಷ ಬಂದು ಡೈರಿಯೇ ಬದಲಾಗಿತ್ತು.

ನಮ್ಮದು ಎರಡು ತಪ್ಪು. ಹೋದ ಬಾಗಿಲು ಸರಿಯಿರಲಿಲ್ಲ. ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಆಮೇಲೆ ಅಲೆದಾಡಿ, ಒಂದೆರಡು ಕಡೆ ಬೈಸಿಕೊಂಡು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು, ಇದು ಯಾರ ಕೆಲಸ?

ಹಳ್ಳಿಯ ಒಳರಸ್ತೆ, ಚರಂಡಿ, ಕುಡಿಯುವ ನೀರು, ಕಸ, ಇವೆಲ್ಲ ಗ್ರಾಮ ಪಂಚಾಯಿತಿಯ ಕೆಲಸ. ಪಟ್ಟಣದಲ್ಲಿ ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆ. ರಾಜ್ಯ ಹೆದ್ದಾರಿಯ ಗುಂಡಿ ಲೋಕೋಪಯೋಗಿ ಇಲಾಖೆಯದು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂನಂಥ ವಿದ್ಯುತ್ ಕಂಪನಿಗೆ ಹೇಳಬೇಕು. ಅದೇ ಕಂಬದ ಬೀದಿ ದೀಪ ಕೆಟ್ಟರೆ ಪಂಚಾಯಿತಿಗೆ. ಕಂಬ ಒಂದೇ, ಯಜಮಾನರು ಇಬ್ಬರು! ಎಷ್ಟೋ ಅರ್ಜಿಗಳು ಈ ಇಬ್ಬರ ನಡುವೆಯೇ ಓಡಾಡಿ ಸತ್ತುಹೋಗುತ್ತವೆ.

ಯಾರ ಕೆಲಸವೆಂದೇ ಗೊತ್ತಾಗದಿದ್ದರೆ ರಾಜ್ಯ ಸರ್ಕಾರದ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಜಾತಿ ಪ್ರಮಾಣಪತ್ರ, ಖಾತೆಯಂಥ ನಿಮ್ಮ ಸ್ವಂತ ಕೆಲಸಕ್ಕೆ ದಾರಿ ಬೇರೆ. ಅದಕ್ಕೆ ಗೊತ್ತುಪಡಿಸಿದ ದಿನದೊಳಗೆ ಸೇವೆ ಕೊಡಿಸುವ 'ಸಕಾಲ' ವ್ಯವಸ್ಥೆ ಇದೆ. ಇಲ್ಲಿ ಹೇಳುತ್ತಿರುವುದು ಬೀದಿಗೆ, ಊರಿಗೆ ಸೇರಿದ ಕೆಲಸದ ಮಾತು.

ಮನವಿ ಪತ್ರ: ಒಂದು ಪುಟ, ಒಂದು ವಿಷಯ

ಚರಂಡಿ, ಬಸ್ಸು, ಅಂಗನವಾಡಿ, ನಾಯಿ ಕಾಟ, ಎಲ್ಲವನ್ನೂ ಒಂದೇ ಪತ್ರದಲ್ಲಿ ತುಂಬಬೇಡಿ. ಕಚೇರಿಯಲ್ಲಿ ಒಂದು ಕಾಗದ ಒಂದು ಮೇಜಿಗೆ ಹೋಗುತ್ತದೆ. ನಾಲ್ಕು ವಿಷಯ ಇದ್ದರೆ ಅದು ಯಾರ ಮೇಜಿನದೂ ಅಲ್ಲ.

ಎಲ್ಲಿ, ಏನು, ಎಷ್ಟು ದಿನದಿಂದ, ಎಷ್ಟು ಮನೆಗೆ ತೊಂದರೆ, ನಿಮಗೆ ಬೇಕಾದದ್ದು ಏನು. ಇಷ್ಟು ಸಾಕು. 'ಚರಂಡಿ ಸರಿಯಿಲ್ಲ' ಎಂದು ಬರೆಯುವ ಬದಲು 'ಶಾಲೆಯಿಂದ ಸೇತುವೆವರೆಗೆ ಸುಮಾರು 80 ಮೀಟರ್ ಚರಂಡಿಗೆ ಕಲ್ಲು ಚಪ್ಪಡಿ ಹಾಕಿಸಬೇಕು' ಎಂದು ಬರೆಯಿರಿ. ಎರಡು ಫೋಟೊ ಅಂಟಿಸಿ. ಸಹಿ ಮಾಡಿದವರ ಹೆಸರು, ಮನೆ ವಿಳಾಸ ಇರಲಿ. ಸುಮ್ನೆ ಗೀಚಿದ ನೂರು ಸಹಿಗಿಂತ ಗುರುತು ಸಿಗುವ ಮೂವತ್ತು ಸಹಿಗೆ ತೂಕ ಜಾಸ್ತಿ.

ಈಗ ಮುಖ್ಯ ಸಂಗತಿ. ಪತ್ರದ ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ (ಬಂದ ಕಾಗದಕ್ಕೆ ಕಚೇರಿ ಕೊಡುವ ಕ್ರಮಸಂಖ್ಯೆ) ಹಾಕಿಸಿಕೊಳ್ಳಿ. 'ಸಾಹೇಬ್ರ ಕೈಗೇ ಕೊಡಿ' ಎಂದು ಒಳಗೆ ಕಳಿಸಿದರೆ ಕೈಗೇ ಕೊಡಿ, ಬರುವಾಗ ಮಾತ್ರ ಸೀಲು ಹಾಕಿಸಿಕೊಂಡೇ ಬನ್ನಿ. ಸೀಲು ಹಾಕಲು ಒಪ್ಪದಿದ್ದರೆ ಜಗಳ ಬೇಡ, ಸ್ಪೀಡ್ ಪೋಸ್ಟ್ ಮಾಡಿ. ರಸೀದಿ ನಿಮ್ಮಲ್ಲಿರುತ್ತದಲ್ಲ, ಸಾಕು. ನಂಬರ್ ಬಿದ್ದ ದಿನವೇ ಆ ಕಚೇರಿಯ ಲೆಕ್ಕದಲ್ಲಿ ನಿಮ್ಮ ಚರಂಡಿ ಹುಟ್ಟುವುದು. ಅಲ್ಲಿಯವರೆಗೆ ಅದು ಬರೀ ಮಾತು.

ಗ್ರಾಮ ಸಭೆಯಲ್ಲಿ ಬಾಯಿ ಬಿಡಿ, ನಡಾವಳಿಗೆ (ಸಭೆಯ ತೀರ್ಮಾನಗಳ ದಾಖಲೆಗೆ) ಬರೆಸಿ

ಹಳ್ಳಿಯವರಿಗೆ ಪೇಟೆಯವರಿಗಿಲ್ಲದ ಒಂದು ಶಕ್ತಿ ಇದೆ. ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವು ಗ್ರಾಮ ಸಭೆಯ ಸದಸ್ಯರು. ಯಾರೂ ಕರೆದು ಸೇರಿಸಿಕೊಳ್ಳಬೇಕಿಲ್ಲ. 1993ರಲ್ಲಿ ಜಾರಿಗೆ ಬಂದ 73ನೇ ಸಂವಿಧಾನ ತಿದ್ದುಪಡಿ ಗ್ರಾಮ ಸಭೆಗೆ ಸಂವಿಧಾನದಲ್ಲೇ ಜಾಗ ಕೊಟ್ಟಿತು. ನಮ್ಮ ರಾಜ್ಯದ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ನಡೆಯಬೇಕು.

ನಾನು ಮೊದಲ ಸಲ ಹೋದಾಗ ಹಾಜರಿ ಪುಸ್ತಕಕ್ಕೆ ಸಹಿ ಮಾಡಿಸಿ, ಚಿತ್ರಾನ್ನ ಕೊಟ್ಟು, ಅರ್ಧ ಗಂಟೆಯಲ್ಲಿ ಮುಗಿಸಿದರು. ಎದ್ದು ಮಾತಾಡಿದವರು ಮೂರೇ ಜನ. ಇಬ್ಬರು ಮನೆ ಬೇಕೆಂದರು, ಒಬ್ಬರು ಹಳೇ ದ್ವೇಷ ತೀರಿಸಿಕೊಂಡರು. ಅದನ್ನು ನೋಡಿ 'ಇದೆಲ್ಲ ನಾಟಕ' ಎಂದು ಎದ್ದುಬಂದಿದ್ದೆ. ಆದರೆ ಪಂಚಾಯಿತಿಯ ಕೆಲಸಗಳ ಪಟ್ಟಿ ಹುಟ್ಟುವುದು ಅಲ್ಲೇ, ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆಯೂ ಅಲ್ಲೇ. ನಾವು ಎದ್ದುಬಂದರೆ ಪಟ್ಟಿ ನಿಲ್ಲುವುದಿಲ್ಲ. ಕೂತವರ ಬೀದಿಗೆ ಹೋಗುತ್ತದೆ, ಅಷ್ಟೇ.

ಎರಡನೇ ಸಲ ಹೀಗೆ ಮಾಡಿದೆವು. ಗ್ರಾಮ ಸಭೆಗಿಂತ ಮೊದಲು ವಾರ್ಡ್ ಸಭೆ ನಡೆಯುತ್ತದೆ. ಬೇಡಿಕೆ ಅಲ್ಲಿಂದಲೇ ಮೇಲೆ ಬರಬೇಕು. ಹಾಗಾಗಿ ಅಲ್ಲೇ ಮೊದಲು ಪತ್ರ ಕೊಟ್ಟೆವು. ಗ್ರಾಮ ಸಭೆಗೆ ನಮ್ಮ ಬೀದಿಯಿಂದ ಹದಿನೈದು ಜನ ಹೋದೆವು, ಅದರಲ್ಲಿ ಒಂಬತ್ತು ಹೆಂಗಸರು. ಚರಂಡಿ ನೀರು ಬಾಚಿ ಹಾಕುವವರು ಅವರೇ ಅಲ್ವಾ? ನಮಗಿಂತ ಚೆನ್ನಾಗಿ ಮಾತಾಡಿದರು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) 'ನೋಟ್ ಮಾಡ್ಕೊಂಡಿದ್ದೀನಿ' ಎಂದಾಗ ನಮ್ಮಲ್ಲೊಬ್ಬರು ಎದ್ದು 'ನಡಾವಳಿ ಪುಸ್ತಕದಲ್ಲಿ ಏನು ಬರೆದಿರಿ, ಒಂದ್ಸಲ ಓದಿ ಹೇಳಿ ಸಾರ್' ಎಂದರು. ಸಭೆ ಒಂದು ಕ್ಷಣ ತಣ್ಣಗಾಯಿತು. ಆಮೇಲೆ ಬರೆದರು, ಓದಿದರು. ಸಭೆಯ ಉಸ್ತುವಾರಿಗೆ ಬಂದಿದ್ದ ನೋಡಲ್ ಅಧಿಕಾರಿಯೂ ಕೇಳಿಸಿಕೊಂಡರು.

ಮರೆಯಬಾರದ ಇನ್ನೊಂದು ದಿನ ಜಮಾಬಂದಿ. ಹಿಂದಿನ ಆರ್ಥಿಕ ವರ್ಷದಲ್ಲಿ ಪಂಚಾಯಿತಿಗೆ ಎಷ್ಟು ಬಂತು, ಯಾವ ಕಾಮಗಾರಿಗೆ ಎಷ್ಟು ಹೋಯಿತು ಎಂದು ವರ್ಷಕ್ಕೊಮ್ಮೆ ಜನರ ಮುಂದೆ ಲೆಕ್ಕ ಇಡುವ ಕ್ರಮ ಇದು. ಸ್ಥಳಕ್ಕೆ ಹೋಗಿ ಕೆಲಸ ನೋಡುವುದೂ ಇದರಲ್ಲಿ ಸೇರಿದೆ. ಇಲ್ಲಿಗೆ ಜನ ಬರುವುದೇ ಇಲ್ಲ. ನನ್ನ ಮಟ್ಟಿಗೆ ಗ್ರಾಮ ಸಭೆಗಿಂತ ಇದೇ ಮಜಾ.

ಪೇಟೆಯಲ್ಲಿ ಕಥೆ ಸ್ವಲ್ಪ ಕಷ್ಟ. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನ ಹೇಳುತ್ತದೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಕೌನ್ಸಿಲರ್ ಇಲ್ಲದ ಕಾಲದಲ್ಲಿ ವಾರ್ಡಿನ ಎಂಜಿನಿಯರ್ ಯಾರೆಂದು ತಿಳಿದು ಪತ್ರವನ್ನು ಅವರಿಗೇ ಕೊಡಿ, ಆಯುಕ್ತರಿಗೆ ಒಂದು ಪ್ರತಿ ಹಾಕಿ.

ಉತ್ತರ ಬರಲಿಲ್ಲವೇ? ಮಾಹಿತಿ ಹಕ್ಕು

ಮನವಿ ಕೊಟ್ಟು ಎರಡು ತಿಂಗಳಾದರೂ ಸದ್ದಿಲ್ಲ ಎಂದರೆ ಮಾಹಿತಿ ಹಕ್ಕು ಕಾಯ್ದೆ ಕೈಗೆತ್ತಿಕೊಳ್ಳಿ. 2005ರ ಕಾಯ್ದೆ. ನಮ್ಮ ರಾಜ್ಯದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದರೂ ನಡೆಯುತ್ತದೆ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಇದು ತಿಳಿಯದೆ ಎರಡು ಪುಟ ಬರೆದು ನನ್ನ ಮೊದಲ ಅರ್ಜಿ ವಾಪಸ್ ಬಂತು.

ಕೇಳುವ ರೀತಿಯಲ್ಲೇ ಎಲ್ಲ ಇದೆ. 'ನಮ್ಮ ಚರಂಡಿ ಯಾಕೆ ಮಾಡಿಲ್ಲ?' ಎಂದು ಕೇಳಿದರೆ 'ಇದು ಮಾಹಿತಿಯಲ್ಲ' ಎಂಬ ಉತ್ತರ ಬರುತ್ತದೆ. ದಾಖಲೆ ಕೇಳಬೇಕು. ಇಂಥ ದಿನಾಂಕದ, ಇಂಥ ಇನ್‌ವರ್ಡ್ ನಂಬರಿನ ಮನವಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ. ಈ ವರ್ಷದ ಕ್ರಿಯಾ ಯೋಜನೆಯ ಪ್ರತಿ ಕೊಡಿ. ಕೆಲಸ ಆಗಿದೆ ಎಂದು ಹೇಳುತ್ತಿದ್ದರೆ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲಿನ ಪ್ರತಿ ಕೊಡಿ. ಸೀಲಿನ ಬೆಲೆ ಈಗ ಗೊತ್ತಾಗುತ್ತದೆ, ಇನ್‌ವರ್ಡ್ ನಂಬರ್ ಇಲ್ಲದಿದ್ದರೆ ಇಲ್ಲಿ ಕೇಳಲು ಏನೂ ಇರುವುದಿಲ್ಲ.

ಮಾಹಿತಿ ಯಾಕೆ ಬೇಕು ಎಂದು ನೀವು ಕಾರಣ ಹೇಳಬೇಕಿಲ್ಲ. ತಪ್ಪು ಕಚೇರಿಗೆ ಕೊಟ್ಟಿದ್ದರೆ ಅವರೇ 5 ದಿನದೊಳಗೆ ಸರಿಯಾದ ಕಡೆಗೆ ಕಳಿಸಬೇಕು. ಉತ್ತರಕ್ಕೆ 30 ದಿನ. ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ಸರದಿ ಉದ್ದವಿರುತ್ತದೆ, ತಾಳ್ಮೆ ಬೇಕು. ಕೆಲಸದ ಜಾಗವನ್ನು ಪರಿಶೀಲಿಸುವುದಕ್ಕೂ, ಬಳಸಿದ ಸಾಮಗ್ರಿಯ ಮಾದರಿ ಪಡೆಯುವುದಕ್ಕೂ ಈ ಕಾಯ್ದೆ ಹಕ್ಕು ಕೊಟ್ಟಿದೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಶಾಸಕರ ಬಳಿ ಯಾವಾಗ ಹೋಗಬೇಕು?

ಶಾಸಕರನ್ನು ಭೇಟಿ ಮಾಡಲೇಬಾರದು ಎಂದಲ್ಲ. ಅವರಿಂದ ಆಗುವುದನ್ನು ಕೇಳಬೇಕು. ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಕ್ಷೇತ್ರಾಭಿವೃದ್ಧಿ ನಿಧಿ ಇರುತ್ತದೆ. ಇಡೀ ಕ್ಷೇತ್ರಕ್ಕೆ ಹಂಚಿದರೆ ದೊಡ್ಡ ಮೊತ್ತವೇನಲ್ಲ. ಅದಕ್ಕಿಂತ ದೊಡ್ಡದು ಅವರ ಕೈಯಲ್ಲಿರುವ ಪ್ರಶ್ನೆ. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಸಚಿವರು ಅಲ್ಲೇ ಬಾಯಿಮಾತಿನಲ್ಲಿ ಉತ್ತರ ಕೊಡಬೇಕು. ಚುಕ್ಕೆ ಗುರುತಿಲ್ಲದ್ದಕ್ಕೂ ಲಿಖಿತ ಉತ್ತರ ಬರುತ್ತದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ವೈದ್ಯರ ಹುದ್ದೆ ಖಾಲಿ ಇದೆ ಎಂಬ ಪ್ರಶ್ನೆಯನ್ನು ನೀವೇ ಟೈಪ್ ಮಾಡಿ ಒಯ್ಯಿರಿ. ಅಧಿವೇಶನ ಶುರುವಾಗುವ ಕೆಲವು ವಾರ ಮೊದಲೇ ಕೊಡಿ, ಶುರುವಾದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ.

ವಿಧಾನಸಭೆಯ 224 ಜನರನ್ನು ಎಲ್ಲರೂ ನೆನೆಯುತ್ತಾರೆ. ವಿಧಾನ ಪರಿಷತ್ತಿನ 75 ಜನರನ್ನು ಕೇಳುವವರೇ ಇಲ್ಲ. ಪದವೀಧರರಿಗೆ, ಶಿಕ್ಷಕರಿಗೆ ಪ್ರತ್ಯೇಕ ಕ್ಷೇತ್ರಗಳಿವೆ. ಪಂಚಾಯಿತಿ, ನಗರಸಭೆ ಸದಸ್ಯರು ಆರಿಸಿ ಕಳಿಸಿದವರೇ 25 ಜನ ಇದ್ದಾರೆ. ಶಾಸಕರ ಮನೆ ಮುಂದೆ ಜನಜಾತ್ರೆ ಇರುವಾಗ ಇವರ ಬಳಿ ಕೂತು ಮಾತಾಡುವಷ್ಟು ಪುರುಸೊತ್ತು ಸಿಗಬಹುದು. ಪ್ರಶ್ನೆ ಕೇಳುವ ಹಕ್ಕು ಇವರಿಗೂ ಇದೆ. ಇದಲ್ಲದೆ ಸದನಕ್ಕೆ ಅರ್ಜಿಗಳ ಸಮಿತಿ ಎಂದೇ ಒಂದಿದೆ. ಸದಸ್ಯರೊಬ್ಬರ ಮೂಲಕ ಜನರ ಅರ್ಜಿಯನ್ನು ಅಲ್ಲಿಗೆ ಮುಟ್ಟಿಸಬಹುದು.

ಕಾಲ ನೋಡಿ ಹೆಜ್ಜೆ ಇಡಿ. ರಾಜ್ಯದ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಬರುತ್ತದೆ. ಆಗ ಮನವಿ ಕೊಟ್ಟರೆ ಊಟ ಮುಗಿದ ಮೇಲೆ ಎಲೆ ಹಾಕಿದಂತೆ. ದೀಪಾವಳಿಯ ಹೊತ್ತಿಗೆ ಇಲಾಖೆಗೆ ಪತ್ರ ಹೋಗಿರಲಿ. ಚುನಾವಣೆ ನೀತಿ ಸಂಹಿತೆ ಬಂದರೆ ಹೊಸ ಕಾಮಗಾರಿ ಘೋಷಣೆ ನಿಂತುಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪತ್ರಿಕೆಯ ಸಣ್ಣ ಅಕ್ಷರ ಓದಿ

'ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸಲಾಗಿದೆ' ಎಂಬ ಜಾಹೀರಾತು ಒಳಪುಟದ ಮೂಲೆಯಲ್ಲಿರುತ್ತದೆ. ವಾರ್ಡ್ ವಿಂಗಡಣೆ, ಕರಡು ನಿಯಮ, ನಗರದ ಮಹಾಯೋಜನೆ, ಎಲ್ಲ ಹೀಗೇ ಬರುತ್ತವೆ. ಕರೆಂಟ್ ದರವನ್ನೇ ತೆಗೆದುಕೊಳ್ಳಿ. ದರ ಏರಿಸಲು ವಿದ್ಯುತ್ ಕಂಪನಿಗಳು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಬೇಕು. ಆಯೋಗ ಆಕ್ಷೇಪಣೆ ಕರೆದು, ಸಾರ್ವಜನಿಕ ವಿಚಾರಣೆ ನಡೆಸಿ ಆದೇಶ ಹೊರಡಿಸುತ್ತದೆ. ಮೀಟರ್ ಇರುವ ಯಾರು ಬೇಕಾದರೂ ಹೋಗಿ ಮಾತಾಡಬಹುದು, ವಕೀಲರು ಬೇಕಿಲ್ಲ. ಗಣಿ, ದೊಡ್ಡ ಕಾರ್ಖಾನೆಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುವ ಪರಿಸರ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಅಲ್ಲಿ ಆಡಿದ ಮಾತು ವಿಡಿಯೊದಲ್ಲಿ ದಾಖಲಾಗುತ್ತದೆ. ಹಾಗಿದ್ದರೂ ಬರೆದ ಪ್ರತಿಯನ್ನು ಕೊಟ್ಟು ಸೀಲು ಹಾಕಿಸಿಕೊಳ್ಳುವುದು ಬಿಡಬೇಡಿ.

ಬೀದಿಗಿಳಿಯುವುದು

ಬೀದಿಗಿಳಿಯುವ ಹಕ್ಕು ಎಲ್ಲರಿಗೂ ಇದೆ. ನಾನು ಇದನ್ನು ಕೊನೆಗೆ ಇಡುತ್ತೇನೆ, ಅಷ್ಟೇ. ಕಡತ ಕೈಯಲ್ಲಿದ್ದು ಧರಣಿ ಕೂತರೆ ಅಧಿಕಾರಿ 'ನಮಗೆ ಗೊತ್ತೇ ಇರಲಿಲ್ಲ' ಎನ್ನಲು ಬಾಯಿ ಬರುವುದಿಲ್ಲ. ಬೆಂಗಳೂರಿನಲ್ಲಿ 2016ರ ಅಕ್ಟೋಬರ್‌ನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡವೆಂದು ಸಾವಿರಾರು ಜನ ಮಾನವ ಸರಪಳಿ ಮಾಡಿದರು. ಹೊರಗೆ ಕಂಡದ್ದು ಸರಪಳಿ. ಜೊತೆಗೇ ಕಾನೂನಿನ ಹೋರಾಟವೂ ನಡೆದಿತ್ತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಗದಗದ ಕಪ್ಪತಗುಡ್ಡದ್ದೂ ಅದೇ ಕಾಲದ ಕಥೆ. 2016ರ ಕೊನೆಗೆ ಅದರ ಸಂರಕ್ಷಿತ ಅರಣ್ಯ ಪ್ರದೇಶದ ಸ್ಥಾನವನ್ನು ಸರ್ಕಾರ ಹಿಂತೆಗೆದುಕೊಂಡಿತ್ತು. ಜನ, ಮಠ, ಪರಿಸರದವರು ಸೇರಿ ಹೋರಾಡಿ 2017ರಲ್ಲಿ ವಾಪಸ್ ತಂದರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು.

ಧರಣಿ ಮಾಡುವುದಾದರೆ ಮೊದಲೇ ಪೊಲೀಸರಿಗೆ ಬರೆದುಕೊಡಿ. ಬೆಂಗಳೂರಿನಲ್ಲಿ 2021ರ ಆದೇಶದ ಪ್ರಕಾರ ಫ್ರೀಡಂ ಪಾರ್ಕ್‌ನಲ್ಲಿ ಮಾತ್ರ. ಹಿಂದೆ ಜೈಲಾಗಿದ್ದ ಜಾಗ ಅದು, ಇರಲಿ. ಮಾತಾಡುವವರು ಇಬ್ಬರೇ ಇರಲಿ, ಬೇಡಿಕೆ ಒಂದೇ ಇರಲಿ. ಬಂದ ಅಧಿಕಾರಿಯಿಂದ ಭರವಸೆ ಸಿಕ್ಕರೆ ಅದನ್ನು ಬರೆಸಿ ಸಹಿ ಮಾಡಿಸಿಕೊಂಡೇ ಏಳಿ.

ನಮ್ಮ ಚರಂಡಿಗೆ ಚಪ್ಪಡಿ ಬಿದ್ದದ್ದು ನಡಾವಳಿಯಲ್ಲಿ ಬರೆಸಿದ ಎರಡನೇ ವರ್ಷ. ಅಳತೆ ಪುಸ್ತಕದ ಪ್ರತಿ ತರಿಸಿ ಟೇಪು ಹಿಡಿದಾಗ 80 ಮೀಟರ್ ಇರಬೇಕಾದದ್ದು 71 ಇತ್ತು. ಆ ಒಂಬತ್ತು ಮೀಟರ್ ಬಗ್ಗೆ ಬರೆದ ಪತ್ರಕ್ಕೆ ಮೊನ್ನೆ ತಾನೇ ಇನ್‌ವರ್ಡ್ ನಂಬರ್ ಬಿದ್ದಿದೆ.