ನ್ಯೂಟ್ರಿನೋ ಹಿಡಿಯುವ ಮೊದಲು ಮ್ಯೂಯಾನ್ ಎಣಿಸಿ

ನ್ಯೂಟ್ರಿನೋ ಎಂದರೆ ಯಾವುದಕ್ಕೂ ಸುಲಭವಾಗಿ ತಾಗದೆ ಹಾದುಹೋಗುವ ಪುಟ್ಟ ಕಣ. ಅಮೆರಿಕದ ಕಣ ಪ್ರಯೋಗಾಲಯ ಫರ್ಮಿಲ್ಯಾಬ್‌ನಿಂದ ಹೊರಟ ನ್ಯೂಟ್ರಿನೋಗಳು ನೆಲದೊಳಗೇ 810 ಕಿಲೋಮೀಟರ್ ಸಾಗಿ ಮಿನೆಸೋಟಾದ ನೋವಾ ಡಿಟೆಕ್ಟರ್, ಅಂದರೆ ಕಣ ಗುರುತಿಸುವ ಯಂತ್ರವನ್ನು ತಲುಪುತ್ತವೆ. ಅದರ ತೂಕ 14 ಸಾವಿರ ಟನ್. ಹಾಸನದ ಕಾಲೇಜು ಲ್ಯಾಬ್‌ನಲ್ಲಿ ಅದೆಲ್ಲಿ ಆಗಬೇಕು! ಆದರೆ ಡಿಟೆಕ್ಟರನ್ನು ನಂಬಬಹುದೋ ಇಲ್ಲವೋ ಎಂದು ನೋಡುವ ಕೆಲಸವನ್ನು ಮೂರು ಸಿಂಟಿಲೇಟರ್ (ಕಣ ಹಾಯ್ದರೆ ಮಿಣುಕುವ) ಹಲಗೆಗಳಲ್ಲೇ ಕಲಿಯಬಹುದು. ಕಾಸ್ಮಿಕ್ ಕಿರಣಗಳಿಂದ ಹುಟ್ಟಿ ಆಕಾಶದಿಂದ ಬೀಳುವ ಮ್ಯೂಯಾನ್ ಎಂಬ ಕಣ ಹೇಗೂ ಪುಕ್ಕಟೆ.

ಮೊದಲು ಲೆಕ್ಕ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಯಾನ್. 20 ಸೆಂ.ಮೀ. ಉದ್ದಗಲದ ಹಲಗೆಗೆ 400. ಹಾಸನ ಎತ್ತರದಲ್ಲಿದೆ, ಸ್ವಲ್ಪ ಜಾಸ್ತಿಯೇ ಬರುತ್ತದೆ.

ಹಲಗೆಗೆ ಫಾಯಿಲ್, ಅದರ ಮೇಲೆ ಕರಿ ಕಾಗದ, ಕರಿ ಟೇಪು ಸುತ್ತಿ. ಒಂದು ತುದಿಗೆ ಆ ಮಿಣುಕನ್ನು ವಿದ್ಯುತ್ ಮಿಡಿತವಾಗಿಸುವ ಫೋಟೋ ಮಲ್ಟಿಪ್ಲೈಯರ್ ಟ್ಯೂಬು. ಕಡಿಮೆ ವೋಲ್ಟೇಜಿನಲ್ಲಿಟ್ಟು ಕೋಣೆ ಕತ್ತಲು ಮಾಡಿ, ದೋಸೆಯ ಅಂಚಿಗೆ ಎಣ್ಣೆ ಬಿಡುವ ಹಾಗೆ ಟಾರ್ಚನ್ನು ಸುತ್ತಲೂ ಆಡಿಸಿ. ಎಣಿಕೆ ಏರಿದ ಕಡೆ ಬೆಳಕು ಸೋರುತ್ತಿದೆ ಎಂದರ್ಥ.

ಈ ಹಂತದಲ್ಲಿ ಸೋಮಾರಿತನ ಬೇಡ. ನಾವು ಒಮ್ಮೆ ಸುಮ್ನೆ ಮುಂದೆ ಹೋದೆವು. ದಿನಾ ಬೆಳಿಗ್ಗೆ ಹತ್ತರ ಹೊತ್ತಿಗೆ ನಡುವಿನ ಹಲಗೆಯ ಎಣಿಕೆ ಏರುತ್ತಿತ್ತು. ಒಂದು ವಾರ ಸರ್ಕ್ಯೂಟ್ ಬಿಚ್ಚಿ ನೋಡಿದ್ದೇ ನೋಡಿದ್ದು. ಕೊನೆಗೆ ನೋಡಿದರೆ ಪೂರ್ವದ ಕಿಟಕಿಯ ಬಿಸಿಲು, ಮೂಲೆಯಲ್ಲಿ ಎದ್ದ ಅರ್ಧ ಇಂಚು ಟೇಪು!

ಒಂಟಿ ಹಲಗೆಯ ಎಣಿಕೆಯನ್ನು ನಂಬಬೇಡಿ. ಗೋಡೆಯ ವಿಕಿರಣ, ಟ್ಯೂಬಿನ ಗದ್ದಲ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಮೂರನ್ನೂ ಒಂದರ ಮೇಲೊಂದು ಇಡಿ, ನಡುವಿನದು ತುಸು ದೊಡ್ಡದಿರಲಿ. ಮೇಲಿನದು, ಕೆಳಗಿನದು ಒಟ್ಟಿಗೆ ಮಿಡಿದ ಸಲವನ್ನು ಮಾತ್ರ ಎಣಿಸಿ. ಅಂಥ 1,000 ಸಲದಲ್ಲಿ ನಡುವಿನದು 960 ಸಲ ಮಿಡಿದರೆ ಅದರ ದಕ್ಷತೆ ಶೇ 96. ನೂರಕ್ಕೇ ನಿಲ್ಲಿಸಿದರೆ ಉತ್ತರ ಶೇ 2ರಷ್ಟು ಆಚೀಚೆ ಆಗಬಹುದು. ನಡುವಿನದರ ವೋಲ್ಟೇಜ್ ಏರಿಸುತ್ತಾ ಹೋದರೆ ದಕ್ಷತೆ ಏರಿ ಒಂದು ಕಡೆ ನಿಲ್ಲುತ್ತದೆ. ಅಲ್ಲಿಂದ ಸ್ವಲ್ಪ ಮುಂದೆ ಇಟ್ಟುಬಿಡಿ. ಇನ್ನೂ ಏರಿಸಿದರೆ ಗದ್ದಲವಷ್ಟೇ ಜಾಸ್ತಿ.

ಶೇ 100 ಬಂದರೆ ಖುಷಿಪಡಬೇಡಿ, ಅನುಮಾನಪಡಿ. ಪಕ್ಕದಲ್ಲಿ ನೀರಿನ ಮೋಟರ್ ಆನ್ ಮಾಡಿದರೂ ಮೂರೂ ಒಟ್ಟಿಗೆ ಮಿಡಿಯಬಹುದು.

ಇನ್ನು ಬೀಮ್, ಅಂದರೆ ಫರ್ಮಿಲ್ಯಾಬ್ ಕಳಿಸುವ ನ್ಯೂಟ್ರಿನೋ ಧಾರೆ. ನ್ಯೂಟ್ರಿನೋ ಹುಡುಕುವಾಗ ಮ್ಯೂಯಾನ್ ಕಾಟ ತಪ್ಪಿಸಲು ಕೆಜಿಎಫ್‌ನಲ್ಲಿ ಗಣಿಯ ಆಳಕ್ಕೇ ಇಳಿದಿದ್ದರು. 1965ರಲ್ಲಿ ಅಲ್ಲಿ ವಾತಾವರಣದ ನ್ಯೂಟ್ರಿನೋಗಳ ಗುರುತು ಸಿಕ್ಕಿತು. ನೋವಾ ಇರುವುದು ನೆಲದ ಮೇಲೆ. ಸೆಕೆಂಡಿಗೆ ಸುಮಾರು ಒಂದೂವರೆ ಲಕ್ಷ ಕಾಸ್ಮಿಕ್ ಕಣಗಳು ಅದರೊಳಗೆ ಹಾಯುತ್ತವೆ. ಮತ್ತೆ ನ್ಯೂಟ್ರಿನೋ ಹುಡುಕುವುದು ಹೇಗೆ? ಗಡಿಯಾರದಿಂದ. ಬೀಮ್ ಬರುವುದು ಸುಮಾರು 1.3 ಸೆಕೆಂಡಿಗೊಮ್ಮೆ, ಅದೂ 10 ಮೈಕ್ರೋಸೆಕೆಂಡ್ ಮಾತ್ರ. ಅಷ್ಟು ಹೊತ್ತಿನಲ್ಲಿ ಬೀಳುವ ಕಾಸ್ಮಿಕ್ ಕಣ ಒಂದೋ ಎರಡೋ, ಅಷ್ಟೇ ಅಲ್ವಾ?

ಇದನ್ನೂ ಮಾಡಿ ನೋಡಿ. ಪಲ್ಸ್ ಜನರೇಟರಿನಿಂದ 1.3 ಸೆಕೆಂಡಿಗೊಮ್ಮೆ 10 ಮೈಕ್ರೋಸೆಕೆಂಡಿನ ಬಾಗಿಲು ತೆರೆಯಿರಿ, ಅಂದರೆ ಅಷ್ಟು ಹೊತ್ತಿನಲ್ಲಿ ಬಂದದ್ದನ್ನು ಮಾತ್ರ ಎಣಿಸಿ. ಬೀಮ್ ಇಲ್ಲ, ಬಾಗಿಲು ಮಾತ್ರ. ನಿಮ್ಮ ಮೇಲಿನ, ಕೆಳಗಿನ ಹಲಗೆಗಳ ಜೋಡಿ ನಿಮಿಷಕ್ಕೆ 300 ಎಣಿಸುತ್ತಿದ್ದರೆ ಇಡೀ ದಿನಕ್ಕೆ ಆ ಬಾಗಿಲಲ್ಲಿ ಸಿಗಬೇಕಾದ್ದು ಸರಾಸರಿ ಮೂರು. ಮಾರನೇ ದಿನ ಬಂದು ನೋಡಿದಾಗ ಮೂವತ್ತು ಇದ್ದರೆ ಜನರೇಟರಿನ ಪಲ್ಸೇ ನಿಮ್ಮ ಕೇಬಲ್ಲಿಗೆ ನುಸುಳಿರಬಹುದು. ಮೊದಲು ಅರ್ಥಿಂಗ್ ನೋಡಿ.